ಗಾಳಿಗೆ ಹೆದರುವ ಊರಿನಲ್ಲಿ ಗೋಡೆ ಕೊರೆಯುವವರು

ಬೆಳಿಗ್ಗೆ ಏಳೂ ಕಾಲು. ರುಸ್ತಾವಿಯ ಹದಿನಾಲ್ಕನೇ ನಂಬರಿನ ಕಟ್ಟಡದ ಅಂಗಳದಲ್ಲಿ ಅಂಜೋರ್ ಬುರ್ದುಲಿ ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ನಿಂತಿದ್ದಾರೆ. ಒಂದು ಕೈ ಟೋಪಿ ಬೀಳದಂತೆ ಹಿಡಿದಿದೆ. ಇನ್ನೊಂದು ಕೈಯ ಬೆರಳು ಗಾಳಿಯಲ್ಲಿ ಒಂದೊಂದಾಗಿ ಚುಕ್ಕೆ ಇಡುತ್ತಿದೆ. ಕಸದ ತೊಟ್ಟಿಯ ಹತ್ತಿರದ ನಾಯಿ ಅವರನ್ನು ನೋಡಿ ತಾನೂ ಮೇಲೆ ನೋಡುತ್ತದೆ. ತಿನ್ನುವಂಥದ್ದೇನೂ ಕಾಣದೆ ಮತ್ತೆ ಮುದುಡಿಕೊಳ್ಳುತ್ತದೆ.

ನವೆಂಬರಿನ ಮೊದಲ ಗಟ್ಟಿ ಚಳಿ. ಇಂಥ ಮುಂಜಾನೆ ಈ ಊರಿನ ಕಟ್ಟಡಗಳು ಉಸಿರಾಡುವುದು ಕಣ್ಣಿಗೆ ಕಾಣುತ್ತದೆ. ಒಂಬತ್ತು ಮಹಡಿಯ ಸಿಮೆಂಟು ಗೋಡೆಯ ತುಂಬ ಬೋಗುಣಿಯಷ್ಟಗಲದ ತಗಡಿನ ಬಾಯಿಗಳು. ಒಂದೊಂದು ಬಾಯಿಯ ಹಿಂದೆ ಒಂದೊಂದು ಗ್ಯಾಸ್ ಹೀಟರ್. ಒಂದೊಂದು ಬಾಯಿಂದ ಒಂದೊಂದು ಬಿಳಿ ಉಸಿರು. ಆ ಉಸಿರು ಹೊರಗೆ ಬಂದರೆ ಒಳಗಿನವರು ಬೆಚ್ಚಗೆ ಮಲಗಿದ್ದಾರೆ ಎಂದರ್ಥ. ಬರದಿದ್ದರೆ ಮೂರು ಅರ್ಥಗಳಿವೆ. ಮನೆಯವರು ಊರಲ್ಲಿಲ್ಲ. ಅಥವಾ ಹೀಟರ್ ಹಚ್ಚಿಲ್ಲ. ಮೂರನೆಯದನ್ನು ಅಂಜೋರ್ ಬಾಯಿ ಬಿಟ್ಟು ಹೇಳುವುದಿಲ್ಲ.

"ಇಪ್ಪತ್ತೊಂದು, ಇಪ್ಪತ್ತೆರಡು..." ಎಂದು ನಿಲ್ಲಿಸುತ್ತಾರೆ. ಮತ್ತೆ ಮೊದಲಿಂದ ಎಣಿಸುತ್ತಾರೆ. ಈ ಕಟ್ಟಡದಲ್ಲಿ ಅವರ ಕೈಯಿಂದ ಆದ ಪೈಪುಗಳು ಇಪ್ಪತ್ಮೂರು. ಎರಡನೇ ಸಲವೂ ಲೆಕ್ಕ ಇಪ್ಪತ್ತೆರಡಕ್ಕೇ ಬಂದು ನಿಲ್ಲುತ್ತದೆ. ಬೆರಳು ಐದನೇ ಮಹಡಿಯ ಎಡಗಡೆಗೆ ಹೋಗಿ ಅಲ್ಲಿಯೇ ಉಳಿಯುತ್ತದೆ.

"ಅಲ್ಲಿ ಬಾಲ್ಕನಿ ಇತ್ತಲ್ವಾ?" ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಜೊತೆ ಬಂದಿರುವ ನನ್ನನ್ನಲ್ಲ, ನಾಯಿಯನ್ನು ಕೇಳಿದಂತೆ.

ಬಾಲ್ಕನಿ ಈಗಲೂ ಇದೆ. ಆದರೆ ಕಟಕಟೆಯ ಮೇಲಿಂದ ಚಾವಣಿಯವರೆಗೆ ಹೊಸ ಗಾಜು ಬಂದಿದೆ. ಬಿಳಿ ಚೌಕಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಇನ್ನೂ ಸುಲಿದಿಲ್ಲ. ಗಾಜಿನ ಒಳಮೈ ಪೂರ್ತಿ ಮಂಜು ಹಿಡಿದಿದೆ. ಒಳಗೆ ಮಳೆಯಾಗುತ್ತಿರುವಂತೆ ನೀರಿನ ಗೆರೆಗಳು ಇಳಿಯುತ್ತಿವೆ. ಅಂದರೆ ಉಸಿರು ಬರುತ್ತಿದೆ. ಹೊರಗೆ ಬರುತ್ತಿಲ್ಲ, ಅಷ್ಟೇ.

ಅಂಜೋರ್ ಓಡುತ್ತಾರೆ. ಐವತ್ತೆಂಟರ ವಯಸ್ಸು, ಬಲಗಾಲ ಮಂಡಿ ಹೋಗಿದೆ, ಆದರೂ ಓಡುತ್ತಾರೆ. ಲಿಫ್ಟಿಗೆ ನಾಣ್ಯ ಹಾಕಬೇಕು. ಜೇಬು ತಡಕಿದರೆ ಇಕ್ಕಳ, ಸೀಸದ ಕಡ್ಡಿ, ಎರಡು ಅಕ್ರೋಟು. ನಾಣ್ಯವಿಲ್ಲ. ನನ್ನ ಜೇಬಿನಲ್ಲೂ ಇಲ್ಲ. ಮೆಟ್ಟಿಲೇ ಗತಿ.

ಈ ಊರಿನವರು ಭೂಕಂಪ ಕಂಡಿದ್ದಾರೆ, ಯುದ್ಧ ಕಂಡಿದ್ದಾರೆ, ಎರಡಕ್ಕೂ ಹೆಗಲು ಕುಣಿಸಿ ಸುಮ್ಮನಾಗಿದ್ದಾರೆ. ಅವರು ನಿಜವಾಗಿ ಹೆದರುವುದು ಗಾಳಿಗೆ, ಅದರಲ್ಲೂ ಎದುರುಬದುರು ಕಿಟಕಿಯ ನಡುವೆ ಹಾದುಹೋಗುವ ಗಾಳಿಗೆ. ಕತ್ತು ಹಿಡಿದರೆ ಗಾಳಿ, ಹಲ್ಲು ನೋವಿಗೆ ಗಾಳಿ, ಮದುವೆ ಮುರಿದರೂ ಹುಡುಕಿದರೆ ಅಲ್ಲೊಂದು ತೆರೆದ ಕಿಟಕಿ ಸಿಗುತ್ತದೆ. ಬಸ್ಸಿನಲ್ಲಿ ಸೆಕೆ ತಡೆಯದೆ ಕಿಟಕಿ ಸರಿಸಿದವನನ್ನು ಮುದುಕಿಯರು ಕೊಲೆಗಾರನನ್ನು ನೋಡುವಂತೆ ನೋಡುತ್ತಾರೆ. ಇಂಥ ಜನರ ನಡುವೆ ಅಂಜೋರ್ ಆರಿಸಿಕೊಂಡ ಕಸುಬು, ಅವರ ಮನೆ ಗೋಡೆಗೆ ತೂತು ಕೊರೆಯುವುದು.

"ಮೊದಲು ಬೈಯ್ತಾರೆ. ಆಮೇಲೆ ಮೈ ಕಾಯಿಸ್ಕೊಳ್ತಾರೆ," ಎನ್ನುವುದು ಇಪ್ಪತ್ತು ವರ್ಷಗಳ ಅವರ ಅನುಭವದ ಸಾರ.

ಅವರು ಹುಟ್ಟಿದಾಗ ಈ ಕಟ್ಟಡಗಳಿಗೆ ಕಾರ್ಖಾನೆಯ ಕಡೆಯಿಂದ ಬಿಸಿನೀರು ಹರಿದು ಬರುತ್ತಿತ್ತು. ದೇಶ ಒಡೆದ ವರ್ಷ ಅದು ನಿಂತಿತು. ಆ ನೀರು ಹರಿಯುತ್ತಿದ್ದ, ಗೋಡೆಗಂಟಿದ ಕಬ್ಬಿಣದ ಚೌಕಟ್ಟುಗಳು ಇಂದಿಗೂ ಮನೆಮನೆಯಲ್ಲಿ ಇವೆ, ಬಟ್ಟೆ ಒಣಹಾಕಲು. ಆಗ ಜನ ಒಂಬತ್ತನೇ ಮಹಡಿಯಲ್ಲಿ ಸೌದೆ ಒಲೆ ಇಟ್ಟರು, ಕಿಟಕಿಯ ಗಾಜು ತೆಗೆದು ಹೊಗೆಕೊಳವೆಯನ್ನು ಹೊರಗೆ ಚಾಚಿದರು. ಇಪ್ಪತ್ತು ದಾಟಿದ ಅಂಜೋರ್ ಮುರಿದ ಶೆಡ್ಡುಗಳ ತಗಡು ಕಿತ್ತು ಆ ಕೊಳವೆಗಳನ್ನು ಸುತ್ತಿಕೊಡುತ್ತಿದ್ದರು. ಕೂಲಿಗೆ ಜೋಳದ ಹಿಟ್ಟು. ಒಂದು ಚಳಿಗಾಲ ಅವರೇ ಸುತ್ತಿದ ಕೊಳವೆಯ ಹೊಗೆ ಗಾಳಿಗೆ ತಿರುಗಿ ಒಳಗೆ ಬಂತು. ಗಂಡ, ಹೆಂಡತಿ ಇಬ್ಬರೂ ಏಳಲಿಲ್ಲ. ಅದರ ವಿಷಯ ಅವರು ಹೇಳಿದ್ದು ಇಷ್ಟೇ: "ಹೋಗಿ ನೋಡಿದೆ. ಕೆನ್ನೆ ಕೆಂಪಗೆ ಇತ್ತು. ಆರೋಗ್ಯವಾಗಿದ್ದಾರೆ ಅನ್ಕೋಬೇಕು, ಹಾಗೆ."

ಆಮೇಲೆ ಗ್ಯಾಸ್ ಬಂತು, ಗೋಡೆ ಹೀಟರುಗಳು ಬಂದವು. ಒಂದರೊಳಗೊಂದು ಎರಡು ಕೊಳವೆ. ಹೊರಗಿನದು ಬಯಲ ಗಾಳಿ ಎಳೆದುಕೊಳ್ಳುತ್ತದೆ, ಒಳಗಿನದು ಉರಿದದ್ದನ್ನು ಬಯಲಿಗೆ ಬಿಡುತ್ತದೆ. ಮನೆಯ ಗಾಳಿಯ ಗೊಡವೆಯೇ ಇಲ್ಲ. ಅಂಜೋರ್ ಮೂರು ತಿಂಗಳು ತರಬೇತಿಗೆ ಹೋದರು, ಪರವಾನಗಿ ಪಡೆದರು. ಅಲ್ಲಿಂದ ಇಲ್ಲಿಯವರೆಗೆ ಸಾವಿರದ ನಾನೂರ ಆರು ತೂತುಗಳು. ಹನ್ನೊಂದು ಸೆಂಟಿಮೀಟರ್ ಅಗಲ, ಮೂವತ್ತು ಸೆಂಟಿಮೀಟರ್ ಆಳ. ಹದಿನಾಲ್ಕು ಕಿಲೋ ತೂಗುವ ಕೊರೆಯುವ ಯಂತ್ರವನ್ನು ಎದೆಗೊತ್ತಿ ಒಂದು ತೂತಿಗೆ ನಲವತ್ತು ನಿಮಿಷ. ಹಂಗಾಮಿನಲ್ಲಿ ದಿನಕ್ಕೆ ಎರಡು. ಸಿಮೆಂಟಿಗೆ ಮನಸ್ಸಿದ್ದರೆ ಮೂರು.

"ಅಡುಗೆ ಗ್ಯಾಸಿಗೆ ವಾಸನೆ ಇರುತ್ತೆ," ಎನ್ನುತ್ತಾರೆ. "ಅದು ಮರ್ಯಾದಸ್ಥ, ಕೆಮ್ಮಿ ಒಳಗೆ ಬರುತ್ತೆ. ಸರಿಯಾಗಿ ಉರೀದೆ ಹೋದಾಗ ಹುಟ್ಟುತ್ತಲ್ಲ ವಿಷಗಾಳಿ, ಅದು ಕಳ್ಳ. ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಬರುತ್ತೆ."

ಮೂರನೇ ಮಹಡಿಯಲ್ಲಿ ಮಂಡಿ ಹಿಡಿದು ನಿಂತಾಗ ಅವರು ಹೇಳಿದ ಮಾತು ಬೇರೆ. "ಆ ತೂತು ಮೂರನೇ ಲೋಟದ ತೂತು."

ಏಳು ವರ್ಷದ ಹಿಂದಿನ ಕಥೆ ಇದು. ಐದನೇ ಮಹಡಿಯ ಲಮಾರಾ ಅವರು ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವರು. ಹೀಟರ್ ಕೂರಿಸಲು ಅಂಜೋರ್ ಹೋದರೆ, ಬೀದಿ ಕಡೆಯ ಗೋಡೆಗೆ ಹರಳುಗಾಜಿನ ಲೋಟಗಳ ಕಪಾಟು ಇತ್ತು. ನಾನೂರು ಕಿಲೋ, ಗಂಡ ಕೊಡಿಸಿದ್ದು, ಅಲುಗಿಸುವ ಮಾತೇ ಇಲ್ಲ. "ಬಾಲ್ಕನಿ ಕಡೆ ಕೊರಿ," ಎಂದರು ಲಮಾರಾ. ಬಾಲ್ಕನಿಗೆ ಹೊಗೆ ಬಿಡಬಾರದು, ನಾಳೆ ಯಾರಾದರೂ ಅದಕ್ಕೆ ಗಾಜು ಹಾಕಿಸಿದರೆ ಹೊಗೆ ಅಲ್ಲಿಯೇ ತುಂಬಿ ಮತ್ತೆ ಒಳಗೆ ಬರುತ್ತದೆ ಎಂದು ಅಂಜೋರ್ ಹೇಳಿದರು. ಲಮಾರಾ ವಾದಿಸಲಿಲ್ಲ. ಊಟಕ್ಕೆ ಬಡಿಸಿದರು.

ಇಲ್ಲಿ ಬಡಿಸಿದ ಮೇಜು ಬಿಟ್ಟು ಏಳುವುದು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅಕ್ರೋಟು ಅರೆದು ಹಚ್ಚಿದ ಬದನೆಕಾಯಿ, ಬಿಸಿ ಗಿಣ್ಣಿನ ರೊಟ್ಟಿ, ಮನೆಯ ದ್ರಾಕ್ಷಿಯ ಮದ್ಯ. ಮೊದಲ ಲೋಟ ದೇವರಿಗೆ, ಎರಡನೆಯದು ತೀರಿಹೋದವರಿಗೆ, ಮೂರನೆಯದು ಈ ಮನೆಯ ಮೇಲೆ ಸದಾ ಆಕಾಶ ತೆರೆದೇ ಇರಲಿ ಎಂದು. ಆ ಮೂರನೆಯದು ಇಳಿಯುವಷ್ಟರಲ್ಲಿ ಅಂಜೋರ್ ಒಪ್ಪಿದ್ದರು. ಲಮಾರಾ ರೊಟ್ಟಿಯ ಮೇಲೆ ಕೈಯಿಟ್ಟು, ಬಾಲ್ಕನಿಗೆ ಗಾಜು ಹಾಕಿಸುವುದಿಲ್ಲ ಎಂದು ಆಣೆ ಮಾಡಿದ್ದರು.

ಮಾರನೆಯ ದಿನ ತಲೆ ತಿಳಿಯಾದ ಮೇಲೆ ಅಂಜೋರ್ ಒಂದು ನಿಯಮ ಮಾಡಿಕೊಂಡರು: ಹೀಟರಿನ ಬೆಂಕಿ ಹತ್ತುವವರೆಗೆ ಊಟದ ಮೇಜಿಗೆ ಕೂರುವುದಿಲ್ಲ. ಆ ಕಾರಣಕ್ಕೆ ಅರ್ಧ ಊರು ಅವರನ್ನು ಜಂಬದವನು ಎಂದು ಕರೆಯುತ್ತದೆ. ಲಮಾರಾ ಅವರಿಗೂ ಮುಂಚೆ ಇದೇ ರೀತಿ ಬಾಲ್ಕನಿಗೆ ತೆರೆದ ಪೈಪುಗಳು ಹತ್ತು ಇದ್ದವು. ಹೆಂಡತಿ ಮನಾನಾ ಬೇಡವೆಂದರೂ ಕೇಳದೆ, ಒಂದೊಂದು ಮನೆಗೂ ಹೋಗಿ ಕೈ ಮುಗಿದು, ಪುಕ್ಕಟೆಯಾಗಿ ಜಾಗ ಬದಲಿಸಿ ಬಂದರು. ಲಮಾರಾ ಮಾತ್ರ ಕಪಾಟು ಅಲುಗಿಸಲು ಬಿಡಲಿಲ್ಲ. "ಆಣೆ ಮಾಡಿದೀನಲ್ಲೋ, ಕ್ರೇನ್ ನಡೆಸಿದೋಳ ಮಾತು, ಬೀಳೋದಿಲ್ಲ," ಎಂದರು. ಅಂದಿನಿಂದ ಪ್ರತಿ ವರ್ಷ ಚಳಿ ಹತ್ತಿದ ಮೊದಲ ಬೆಳಿಗ್ಗೆಯೇ ಅಂಜೋರ್ ಹದಿನಾಲ್ಕನೇ ಕಟ್ಟಡದ ಅಂಗಳಕ್ಕೆ ಬರುತ್ತಾರೆ.

ಐದನೇ ಮಹಡಿ. ಬೆಲ್ ಒತ್ತುತ್ತಾರೆ, ಉಸಿರು ಸಾಲದೆ ಗೋಡೆಗೆ ಹಣೆ ಕೊಟ್ಟು ನಿಲ್ಲುತ್ತಾರೆ.

"ಯಾರದು?" ಒಳಗಿನಿಂದ ದಪ್ಪ ದನಿ.

"ನಾನು ದೊಡ್ಡಮ್ಮಾ, ಅಂಜೋರ್. ಪೈಪಿನ ಅಂಜೋರ್."

"ಈ ಹೊತ್ತಲ್ಲಿ ಬಂದಿದೀಯಲ್ಲ, ಯಾರು ಸತ್ರು?"

"ಯಾರೂ ಇಲ್ಲ. ಬಾಗಿಲು ತೆಗೀರಿ, ಹೀಟರ್ ನೋಡ್ಬೇಕು."

"ತೆಗೆಯೋ ಹಾಗಿಲ್ಲ. ತಾಮ್ತಾ ಹೆತ್ತಿದಾಳೆ, ಹತ್ತೊಂಬತ್ತು ದಿನ. ನಲವತ್ತು ಕಳೀಲಿ, ಬಂದು ಸಿಹಿ ತಿನ್ಕೊಂಡು ಹೋಗು."

ತಾಮ್ತಾ ಅಂದರೆ ಅವರ ಮೊಮ್ಮಗಳು. ಗಂಡ ಲಾರಿ ಓಡಿಸುತ್ತಾನೆ, ಈ ವಾರ ಪೋತಿ ಬಂದರಿನ ಕಡೆ ಹೋಗಿದ್ದಾನೆ. ಎಳೆಗೂಸಿಗೆ ನಲವತ್ತು ದಿನ ಹೊರಗಿನವರ ಕಣ್ಣೂ ತಾಕಬಾರದು, ಹೊರಗಿನ ಗಾಳಿಯೂ ತಾಕಬಾರದು. ಪಾದ್ರಿ ಬಂದರೂ ಹೊಸ್ತಿಲಾಚೆಯೇ.

"ದೊಡ್ಡಮ್ಮಾ, ಬಾಲ್ಕನಿಗೆ ಗಾಜು ಹಾಕಿಸಿದ್ರಾ?"

"ಯಾವ ಬಾಲ್ಕನಿ?"

"ಇರೋದೇ ಒಂದಲ್ವಾ?"

"ಹುಡುಗ ಹಾಕಿಸ್ದ. ಮಗೂಗೆ ಗಾಳಿ ತಾಗುತ್ತೆ ಅಂತ. ಲಕ್ಷಣವಾಗಿದೆ. ಏನೀಗ?"

"ಹೀಟರಿನ ಬೆಂಕಿ ಯಾವ ಬಣ್ಣ ಇದೆ, ಒಂದ್ಸಲ ನೋಡಿ ಹೇಳ್ತೀರಾ?"

ಚಪ್ಪಲಿ ಎಳೆದುಕೊಂಡು ಹೋದ ಸದ್ದು. ಬಂದ ಸದ್ದು. "ಹಳದಿ. ಮುಂಚೆ ನೀಲಿ ಇತ್ತು, ಮನೆ ತುಂಬ ಪೊಲೀಸು ಬಂದ ಹಾಗೆ. ಈಗ ಚೆನ್ನಾಗಿದೆ, ಗುಡೀಲಿ ಮೇಣದ ಬತ್ತಿ ಹಚ್ಚಿದ ಹಾಗಿದೆ."

ಅಂಜೋರ್ ಕಣ್ಣು ಮುಚ್ಚುತ್ತಾರೆ. ಗಾಳಿ ಸಾಲದ ಬೆಂಕಿ ಹಳದಿಯಾಗುತ್ತದೆ. "ಈಗಿಂದೀಗ ಆರಿಸಿ ದೊಡ್ಡಮ್ಮಾ. ಕಿಟಕಿ ಎಲ್ಲ ತೆಗೀರಿ."

"ತಲೆ ನೆಟ್ಟಗಿದೆಯಾ ನಿಂಗೆ? ಬಾಣಂತಿ ಮಲಗಿರೋ ಮನೇಲಿ ಕಿಟಕಿ ತೆಗೀಬೇಕಾ? ನಿಮ್ಮಮ್ಮ ನಿನ್ನ ಹೆತ್ತಾಗ ತೆಗೆದಿದ್ಲಾ?"

"ತಾಮ್ತಾಗೆ ತಲೆನೋವಿದೆಯಾ?"

"ರಾತ್ರಿಯೆಲ್ಲ ಮಗು ನೋಡ್ಕೊಳ್ಳೋಳಿಗೆ ತಲೆ ನೋಯದೆ ನಿಂಗೆ ನೋಯುತ್ತಾ?"

"ವಾಂತಿ?"

"ಒಂದ್ಸಲ. ನಿನ್ನೆ ರಾತ್ರಿ ಹುಳಿ ಹಾಕಿದ ಬೀನ್ಸ್ ತಿಂದ್ಲು, ಬೇಡ ಅಂದೆ."

"ಮಗು ಹೇಗಿದೆ?"

ಇಲ್ಲಿ ಲಮಾರಾ ಅವರ ದನಿ ಮೆತ್ತಗಾಗುತ್ತದೆ. "ಚಿನ್ನ ಕಣೋ. ಹೆಣ್ಣು ಮಗು. ಮೊದಮೊದಲು ಕಟ್ಟಡ ಎದ್ದು ಕೂರೋ ಹಾಗೆ ಅಳ್ತಿದ್ಲು. ಈಗ ಎರಡು ದಿನದಿಂದ ಅಳೋದೇ ಇಲ್ಲ. ರಾತ್ರಿಯಿಂದ ಒಂದೇ ಸಮ ನಿದ್ದೆ. ಹಾಲಿಗೂ ಎದ್ದಿಲ್ಲ ನೋಡು."

ಅಂಜೋರ್ ಬಾಗಿಲ ಮೇಲೆ ಎರಡೂ ಅಂಗೈ ಊರಿ, "ದೊಡ್ಡಮ್ಮಾ, ಬಾಗಿಲು ತೆಗೀರಿ, ನಿಮ್ಮ ಕಾಲು ಹಿಡೀತೀನಿ," ಎನ್ನುತ್ತಾರೆ. "ನಲವತ್ತು ದಿನ," ಎನ್ನುತ್ತದೆ ಬಾಗಿಲು.

ಕಬ್ಬಿಣದ ಬಾಗಿಲು ಅದು, ತೊಂಬತ್ತರ ದಶಕದಲ್ಲಿ ಕಳ್ಳರಿಗೆ ಹೆದರಿ ಹಾಕಿಸಿದ್ದು. ಒದ್ದರೆ ಮುರಿಯುವುದು ಕಾಲು. ಅಂಜೋರ್ ತಿರುಗುತ್ತಾರೆ. ಮೆಟ್ಟಿಲ ಮೂಲೆಯಲ್ಲಿ ತಗಡಿನ ಪೆಟ್ಟಿಗೆ. ಅದರೊಳಗೆ ನಾಲ್ಕು ಮನೆಗಳ ಗ್ಯಾಸ್ ಮೀಟರ್, ನಾಲ್ಕು ವಾಲ್ವ್. ಅದನ್ನು ಮುಟ್ಟುವ ಹಕ್ಕು ಗ್ಯಾಸ್ ಕಂಪನಿಯವರಿಗೆ ಮಾತ್ರ. ಪರವಾನಗಿ ಇರುವ ಫಿಟ್ಟರ್ ಮುಟ್ಟಿದನೆಂದರೆ ಪರವಾನಗಿ ಹೋಗುತ್ತದೆ, ಅದರ ಹಿಂದೆ ಕಸುಬೂ ಹೋಗುತ್ತದೆ. ಇದನ್ನು ದಾರಿಯಲ್ಲಿ ಬರುವಾಗ ನನಗೆ ಹೇಳಿದವರು ಅವರೇ. ಈಗ ಪೆಟ್ಟಿಗೆಯ ಬಾಗಿಲನ್ನು ಇಕ್ಕಳದಿಂದ ಎಬ್ಬಿಸುತ್ತಿರುವವರೂ ಅವರೇ.

ಎದುರು ಮನೆಯ ಗಿವಿ ಪಟ್ಟೆ ಪಟ್ಟೆ ಪಾಯಿಜಾಮದಲ್ಲಿ ಹೊರಗೆ ಬರುತ್ತಾನೆ. "ಏಯ್, ಏಯ್! ಮುಟ್ಬೇಡ! ನನ್ನ ಚಹಾ ಒಲೆ ಮೇಲಿದೆ!"

"ನಿಂದಲ್ಲ. ಲಮಾರಾ ಅವರದು."

"ಹಂಗಾದ್ರೆ ಸರಿ," ಎಂದು ತಿರುಗಿದವನು ನಿಲ್ಲುತ್ತಾನೆ. "ಲಮಾರಾದ್ದಾ? ನೀನು ಸತ್ತೆ ಬಿಡು."

"ಆಂಬುಲೆನ್ಸಿಗೆ ಫೋನ್ ಮಾಡು. ಹತ್ತೊಂಬತ್ತು ದಿನದ ಮಗು ಅನ್ನು, ಹೀಟರಿನ ವಿಷಗಾಳಿ ಅನ್ನು. ಬೇಗ!"

ವಾಲ್ವ್ ತಿರುಗುತ್ತದೆ. ಒಂದು, ಎರಡು, ಮೂರು... ಒಳಗೆ ಅಡುಗೆಮನೆಯಲ್ಲಿ ಗಂಜಿಯ ಪಾತ್ರೆಯ ಕೆಳಗೆ ಬೆಂಕಿ ಸತ್ತದ್ದು ಗೊತ್ತಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಮೂರು ಬೀಗಗಳು ಒಂದರ ಹಿಂದೊಂದು ಸಿಡಿಯುತ್ತವೆ. ಬಾಗಿಲು ತೆರೆಯುತ್ತದೆ. ಎಪ್ಪತ್ತೊಂದು ವರ್ಷದ ಲಮಾರಾ, ಕೈಯಲ್ಲಿ ಸೌಟು.

"ಗ್ಯಾಸ್ ನಿಲ್ಲಿಸಿದ್ದು ಯಾವ ಮುಂಡೇದು?"

"ನಾನೇ," ಎನ್ನುತ್ತ ಅಂಜೋರ್ ಆ ಸೌಟಿನ ಕೆಳಗಿಂದಲೇ ಒಳಗೆ ನುಗ್ಗುತ್ತಾರೆ.

ಒಳಗೆ ಹಿತವಾದ ಬೆಚ್ಚನೆ. ಅದೇ ಭಯ ಹುಟ್ಟಿಸುವುದು. ಬಾಲ್ಕನಿಯ ಬಾಗಿಲ ಗಾಜಿನ ಮೇಲೂ ನೀರು ಇಳಿಯುತ್ತಿದೆ. ಮಂಚದ ಮೇಲೆ ತಾಮ್ತಾ ಅರ್ಧ ಎದ್ದು, ಯಾರು ಬಂದರೆಂದು ಗುರುತು ಹತ್ತದವಳಂತೆ ನೋಡುತ್ತಾಳೆ. ಎದ್ದು ನಿಲ್ಲಲು ಹೋಗಿ ಹಾಸಿಗೆಯ ಅಂಚಿಗೆ ಕುಸಿಯುತ್ತಾಳೆ. ತೊಟ್ಟಿಲಲ್ಲಿ ಕೂಸು. ಕೆನ್ನೆ ಗುಲಾಬಿ ಬಣ್ಣ.

ಅಂಜೋರ್ ಬಾಲ್ಕನಿಯ ಬಾಗಿಲು ಎಳೆಯುತ್ತಾರೆ, ಉಪ್ಪಿನಕಾಯಿ ಜಾಡಿಗಳ ಮೇಲಿಂದ ಚಾಚಿ ಹೊಸ ಗಾಜಿನ ಕಿಟಕಿಯನ್ನು ದೂಡುತ್ತಾರೆ. ಅದು ಬಿಗಿ, ಹೊಸದಲ್ಲವೇ. ಮೊಣಕೈಯಿಂದ ಗುದ್ದುತ್ತಾರೆ. ಎದುರಿನ ಅಡುಗೆಮನೆಯ ಕಿಟಕಿ ಮೊದಲೇ ಅರೆತೆರೆದಿತ್ತು: ಲಮಾರಾ ಕದ್ದು ಸಿಗರೇಟು ಸೇದುವುದು ಅಲ್ಲಿಯೇ, ಮಲಗುವುದೂ ಅಲ್ಲಿಯೇ. ಆಕೆಗೆ ಏನೂ ಆಗದೆ ಇದ್ದದ್ದು ಆ ಚಟದಿಂದ ಎಂದು ಆಮೇಲೆ ವೈದ್ಯರು ಹೇಳಬೇಕಾಗಿ ಬಂತು. ಹೇಳುವಾಗ ಅವರಿಗೂ ಕಸಿವಿಸಿ.

ನವೆಂಬರಿನ ಗಾಳಿ ಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ.

"ಗಾಳಿ! ಎದುರುಬದುರು ಗಾಳಿ! ಕೊಂದ, ಮಗೂನ ಕೊಂದ!" ಲಮಾರಾ ಕಿಟಕಿ ಮುಚ್ಚಲು ಓಡುತ್ತಾರೆ. ಅಂಜೋರ್ ಅಡ್ಡ ನಿಲ್ಲುತ್ತಾರೆ. ಅವರ ಭುಜದ ಮೇಲೆ ಸೌಟು ಎರಡು ಸಲ ಬೀಳುತ್ತದೆ. "ಹೊಡೀರಿ, ಆಮೇಲೆ ಹೊಡೀರಿ, ಮೊದಲು ಮಗೂನ ಎತ್ಕೊಳ್ಳಿ, ಹೊರಗೆ ಬನ್ನಿ!" ಎಂದು ಕೂಗುತ್ತಾರೆ. ಆ ಕೂಗಿನಲ್ಲಿ ಏನಿತ್ತೋ, ಲಮಾರಾ ಒಮ್ಮೆಲೇ ನಿಂತು ತೊಟ್ಟಿಲ ಕಡೆ ನೋಡುತ್ತಾರೆ. ಇಷ್ಟೆಲ್ಲ ಗದ್ದಲಕ್ಕೂ ಕೂಸು ಕಣ್ಣು ಬಿಟ್ಟಿಲ್ಲ. ಸೌಟು ಕೆಳಗೆ ಬೀಳುತ್ತದೆ.

ಮೆಟ್ಟಿಲ ಬಳಿ ಈಗ ನಾಲ್ಕು ಮಹಡಿಯ ಜನ. ಹೊರಗಿನವರ ಕಣ್ಣು ಬೀಳಬಾರದ ಕೂಸಿನ ಮೇಲೆ ಮೂವತ್ತು ಕಣ್ಣು. ಗಿವಿ ತನ್ನ ಕೋಟನ್ನು ತಾಮ್ತಾಗೆ ಹೊದಿಸಿ ಮೆಟ್ಟಿಲ ಮೇಲೆ ಕೂರಿಸಿದ್ದಾನೆ. ಲಮಾರಾ ಮಗುವಿನ ಅಂಗಾಲು ಉಜ್ಜುತ್ತಾರೆ, ಬೆನ್ನು ಉಜ್ಜುತ್ತಾರೆ, "ನಮ್ಮಮ್ಮಾ, ನನ್ನ ತಾಯಿ, ಬೈಯೇ ನನ್ನ, ಒಂದ್ಸಲ ಬೈಯೇ," ಎನ್ನುತ್ತಾರೆ. ಮೆಟ್ಟಿಲ ಕಿಟಕಿಯ ಒಡೆದ ಗಾಜಿನಿಂದ ನೇರ ಗಾಳಿ ಬೀಸುತ್ತಿದೆ. ಯಾರೂ ಅದನ್ನು ಮುಚ್ಚಲು ಹೋಗುವುದಿಲ್ಲ. ಈ ಊರಿನಲ್ಲಿ ನಾನು ಅಂಥದ್ದನ್ನು ಹಿಂದೆ ಕಂಡಿಲ್ಲ.

ಎಷ್ಟು ಹೊತ್ತೋ ತಿಳಿಯದು. ಗಿವಿ ನಾಲ್ಕು ನಿಮಿಷ ಎನ್ನುತ್ತಾನೆ, ಅಂಜೋರ್ ಇಪ್ಪತ್ತು ಎನ್ನುತ್ತಾರೆ. ಮೊದಲು ಮಗುವಿನ ಮೂಗು ಸುಕ್ಕಾಯಿತು. ಆಮೇಲೆ ಬಾಯಿ ಓರೆಯಾಯಿತು. ಬೆಕ್ಕಿನ ಮರಿಯಂಥ ಒಂದು ಸಣ್ಣ ಸದ್ದು, ಅದರ ಹಿಂದೆಯೇ ಇಡೀ ಕಟ್ಟಡ ಕೇಳುವಂಥ ಅಳು. ಕೆಳಗಿನ ಮಹಡಿಯ ಹೆಂಗಸೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು. ಗಿವಿ ಪಾಯಿಜಾಮದ ತೋಳಿನಿಂದ ಮುಖ ಒರೆಸಿ, "ನನ್ನ ಚಹಾ ಸೀದೇ ಹೋಯ್ತು," ಎಂದ. ಆಂಬುಲೆನ್ಸಿನವರು ಬಂದು ತಾಯಿ, ಮಗು ಇಬ್ಬರ ಮೂಗಿಗೂ ಆಮ್ಲಜನಕ ಹಿಡಿದು ಕರೆದೊಯ್ದರು.

ಅಂಜೋರ್ ಮೆಟ್ಟಿಲ ಮೇಲೆ ಕೂತೇ ಇದ್ದರು. ಸಿಗರೇಟು ಹಚ್ಚಲು ಮೂರು ಕಡ್ಡಿ ಗೀರಿದರು, ಮೂರೂ ಗಾಳಿಗೆ ಆರಿದವು. ಆಂಬುಲೆನ್ಸಿನವರ ಹಿಂದೆ ಮೆಟ್ಟಿಲಿಳಿಯುವ ಮೊದಲು ಲಮಾರಾ ಹಿಂತಿರುಗಿ ನೋಡಿದರು.

"ಆ ಪೈಪ್ ಹಾಕಿದ್ದು ನೀನೇ."

"ನಾನೇ, ದೊಡ್ಡಮ್ಮ."

"ಗಾಜು ಹಾಕಿಸಿದ್ದು ಆ ಹುಡುಗ. ಗೊತ್ತಿದ್ದೂ ಸುಮ್ಮನಿದ್ದದ್ದು ನಾನು." ಒಂದು ಮೆಟ್ಟಿಲು ಇಳಿದು, "ಕಪಾಟು ತೆಗೆಸ್ತೀನಿ," ಎಂದರು.

ಆಸ್ಪತ್ರೆಯಲ್ಲಿ ಎರಡು ದಿನ. ಇನ್ನೊಂದು ಗಂಟೆ ಕಳೆದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರಂತೆ ವೈದ್ಯರು. ಗ್ಯಾಸ್ ಕಂಪನಿಯಿಂದ ಒಬ್ಬ ಅಧಿಕಾರಿ ಬಂದು, ಎಬ್ಬಿಸಿದ ಪೆಟ್ಟಿಗೆಯ ಫೋಟೋ ತೆಗೆದು, ಯಾರು ಇದನ್ನು ಮಾಡಿದ್ದು ಎಂದು ಮಹಡಿ ಮಹಡಿಯಲ್ಲೂ ವಿಚಾರಿಸಿದ. ಹದಿನಾಲ್ಕನೇ ಕಟ್ಟಡದಲ್ಲಿ ಆ ದಿನ ಯಾರೂ ಏನೂ ನೋಡಿರಲಿಲ್ಲ. ಗಿವಿಯಂತೂ, "ಗಾಳಿಗೆ ತೆರೆದುಕೊಂಡಿರಬೇಕು," ಎಂದ.

ಮೂರನೆಯ ದಿನ ನಾಲ್ವರು ಗಂಡಸರು ಸೇರಿ ಕಪಾಟನ್ನು ಸರಿಸಿದರು. ಏಳು ವರ್ಷ ಅಲುಗದ್ದು ಏಳು ನಿಮಿಷದಲ್ಲಿ ಅಲುಗಿತು. ಒಂದು ಲೋಟ ಒಡೆಯಿತು. ಲಮಾರಾ ಅದರ ಕಡೆ ನೋಡಲೂ ಇಲ್ಲ. ಅಂಜೋರ್ ಬೀದಿ ಕಡೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸಿಮೆಂಟು ಹಲಗೆಗಳ ಕೂಡುಸಂದಿ ಎಲ್ಲಿದೆಯೆಂದು ಕೇಳಿಸಿಕೊಂಡರು. ಸಂದಿಯಿಂದ ಎರಡು ಗೇಣು ದೂರ, ಕಿಟಕಿಯಿಂದ ಒಂದು ಮೊಳ ದೂರ ಗುರುತು ಹಾಕಿದರು. ನಲವತ್ತು ನಿಮಿಷ ಯಂತ್ರ ಗೋಡೆಯನ್ನು ಕಚ್ಚಿತು; ಕೆಸರುನೀರು ಬಕೆಟ್ಟಿಗೆ ಇಳಿಯಿತು; ಕೊನೆಗೆ ಲೋಡಿನಂಥ ಸಿಮೆಂಟು ತುಂಡೊಂದು ಹೊರಬಂದು, ಅದರ ಜಾಗದಲ್ಲಿ ದುಂಡನೆಯ ಬೀದಿ ಕಾಣಿಸಿತು.

ಪೈಪು ಹೊರಕ್ಕೆ ಒಂದು ಬೆರಳಷ್ಟು ತಗ್ಗಿರಬೇಕು, ಇಲ್ಲದಿದ್ದರೆ ಮಳೆನೀರು ಹೀಟರಿನೊಳಕ್ಕೆ ಬರುತ್ತದೆ. ಅಂಜೋರ್ ಬಳಿ ಒಳ್ಳೆಯ ರಸಮಟ್ಟ ಇದೆ. ಅದನ್ನು ಇಟ್ಟು ನೋಡುತ್ತಾರೆ, ನೋಡಿ ನಂಬುವುದಿಲ್ಲ. ಜೇಬಿನಿಂದ ಅಕ್ರೋಟು ತೆಗೆದು ಕೊಳವೆಯ ಒಳತುದಿಯಲ್ಲಿ ಇಡುತ್ತಾರೆ. "ಓಡಿದ್ರೆ ಇಳಿಜಾರು ಜಾಸ್ತಿ. ನಿಂತ್ರೆ ಕಮ್ಮಿ. ಹೋಗ್ಲೋ ಬೇಡ್ವೋ ಅಂತ ಯೋಚನೆ ಮಾಡಿ ಹೊರಟ್ರೆ ಸರಿ." ಅಕ್ರೋಟು ಯೋಚಿಸಿತು, ಹೊರಟಿತು, ಐದು ಮಹಡಿ ಕೆಳಗೆ ಯಾರದೋ ಕಾರಿನ ಮೇಲೆ ಟಣ್ಣೆಂದಿತು. ಕೆಳಗಿನಿಂದ ಅವರ ತಾಯಿಯ ಬಗ್ಗೆ ಒಂದು ಮಾತು ಬಂತು. ಅಂಜೋರ್ ಕೇಳಿಸಿಕೊಳ್ಳಲಿಲ್ಲ, ತಗಡಿನ ಬಳೆ ಕೂರಿಸಿ, ಬೆಂಕಿಗೆ ತಡೆಯುವ ಹಗ್ಗ ತುಂಬಿ, ಹಳೆಯ ತೂತಿಗೆ ಸಿಮೆಂಟು ಮೆತ್ತಿ, ಹೀಟರ್ ಹಚ್ಚಿದರು. ನೀಲಿ. ಅರ್ಧ ಗಂಟೆ ಎದುರಿಗೇ ಕುಕ್ಕರಗಾಲಲ್ಲಿ ಕೂತು ನೋಡಿದರು. ನೀಲಿಯೇ. ನಂತರವೇ ಮೇಜಿಗೆ ಬಂದರು.

ಮನಾನಾ ಹೇಳುವ ಪ್ರಕಾರ ಆ ವಾರ ಅವರು ನಿದ್ದೆ ಮಾಡಿಲ್ಲ. "ರಾತ್ರಿ ಎದ್ದು ಕೂರ್ತಾರೆ. ಏನ್ರೀ ಅಂದ್ರೆ, ಎಂಟನೇ ಕಟ್ಟಡ, ಆರನೇ ಮಹಡಿ, ಅಲ್ಲಿ ಪಾರಿವಾಳ ಗೂಡು ಕಟ್ಟಿದ್ರೆ? ಅಂತಾರೆ. ನಾನು ಮದುವೆ ಆದದ್ದು ಒಬ್ಬ ಗಂಡಸನ್ನ. ಸಾವಿರದ ನಾನೂರು ಮನೆಯವರನ್ನೂ ಹಾಸಿಗೆಗೆ ಕರ್ಕೊಂಡು ಬರ್ತಾರೆ ಅಂತ ಯಾರು ಕಂಡಿದ್ರು?"

"ಪತ್ರಿಕೇಲಿ ಬರೀಬೇಡಿ," ಎಂದು ಅಂಜೋರ್ ಮೊದಲ ದಿನವೇ ಬೇಡಿಕೊಂಡಿದ್ದರು. "ಪೈಪ್ ಹಾಕೋನ ಹೆಸರು ಪೇಪರಲ್ಲಿ ಬಂತು ಅಂದ್ರೆ ಜನ ಓದೋಕೆ ಮುಂಚೇನೇ ಕೇಳ್ತಾರೆ, ಎಷ್ಟು ಜನ ಸತ್ರಂತೆ? ಅಂತ." ಹಾಗಾಗಿ ಹೇಳಿಬಿಡುತ್ತೇನೆ: ಈ ಸಲ ಯಾರೂ ಸತ್ತಿಲ್ಲ.

ನಲವತ್ತೊಂದನೆಯ ದಿನ ಲಮಾರಾ ಅವರ ಮನೆಯ ಬಾಗಿಲು ಹಾರುಹೊಡೆದಿದೆ. ಮೇಜಿನ ಸುತ್ತ ಇಪ್ಪತ್ತು ಜನ. ಪೋತಿಯಿಂದ ಬಂದ ಹುಡುಗ ತಲೆ ಎತ್ತದೆ ಎಲ್ಲರಿಗೂ ಬಡಿಸುತ್ತಿದ್ದಾನೆ. ತಾಮ್ತಾ ಸಣ್ಣಗಾಗಿದ್ದಾಳೆ, ನಗುತ್ತಿದ್ದಾಳೆ. ಮಗು ಕೈಯಿಂದ ಕೈಗೆ ಹೋಗಿ ಅಂಜೋರ್ ತೋಳಿಗೆ ಬರುತ್ತದೆ. ಹದಿನಾಲ್ಕು ಕಿಲೋ ಯಂತ್ರವನ್ನು ಎತ್ತುವವರು ನಾಲ್ಕು ಕಿಲೋಗೆ ಬೆವರುತ್ತಾರೆ.

ಲಮಾರಾ ಲೋಟ ಎತ್ತಿ ನಿಲ್ಲುತ್ತಾರೆ.

"ನಾನು ಜಾಸ್ತಿ ಮಾತಾಡೋಳಲ್ಲ," ಎಂದು ಶುರುಮಾಡಿ ಕಾಲು ಗಂಟೆ ಮಾತಾಡುತ್ತಾರೆ. ಗಂಡ, ಕ್ರೇನು, ಕಪಾಟು, ರೊಟ್ಟಿಯ ಮೇಲಿನ ಆಣೆ, ಎಲ್ಲ ಬರುತ್ತದೆ. "ಕೊನೇದಾಗಿ ಒಂದು. ಈ ಮಗು ಮಾತು ಕಲೀಲಿ. ಅಮ್ಮ ಅಂತ ಆಮೇಲೆ ಕಲಿಸ್ತೀನಿ, ಅಪ್ಪ ಅಂತ ಅದಕ್ಕೂ ಆಮೇಲೆ. ಮೊದಲು ಇವನ ಹೆಸರು. ದೊಡ್ಡವಳಾದ್ಮೇಲೆ ಆ ಪೈಪ್ ತೋರಿಸಿ ತೋರಿಸಿ ಹೇಳ್ತೀನಿ."

ಎಲ್ಲರೂ ಎದ್ದು ನಿಲ್ಲುತ್ತಾರೆ. ತನ್ನ ಹೆಸರಿನಲ್ಲಿ ಎತ್ತಿದ ಲೋಟಕ್ಕೆ ಉತ್ತರ ಕೊಡದೆ ಇರುವ ಹಾಗಿಲ್ಲ. ಅಂಜೋರ್ ಮಗುವನ್ನು ತಾಮ್ತಾಳ ಮಡಿಲಿಗೆ ಕೊಟ್ಟು, ಲೋಟ ಹಿಡಿದು, ಗೋಡೆಯ ಹೊಸ ಪೈಪಿನ ಕಡೆ ನೋಡುತ್ತಾರೆ.

"ಬೇಡ ದೊಡ್ಡಮ್ಮ," ಎನ್ನುತ್ತಾರೆ. "ಇದನ್ನ ಯಾರು ಹಾಕಿದ್ದು ಅಂತ ಇವಳು ಯಾವತ್ತಾದ್ರೂ ಕೇಳಿದ್ರೆ, 'ಗೊತ್ತಿಲ್ಲಮ್ಮ, ಮೊದಲಿಂದಲೂ ಇಲ್ಲೇ ಇತ್ತು' ಅನ್ನಿ. ಅಷ್ಟು ಸಾಕು ನಂಗೆ."